ಮುಟ್ಟಲೆಂದು ಕಟ್ಟದ ಉಪಗ್ರಹವನ್ನು ಮುಟ್ಟುವ ಕೆಲಸ

ಉಪಗ್ರಹ ಕಟ್ಟುವ ತಂಡದಲ್ಲಿ ಪ್ರತಿಯೊಬ್ಬರಿಗೂ ತಮ್ಮದು ಅಂತ ಒಂದು ಪೆಟ್ಟಿಗೆ ಇರುತ್ತದೆ. ಬ್ಯಾಟರಿಯವರಿಗೆ ಬ್ಯಾಟರಿ, ರೇಡಿಯೊದವರಿಗೆ ಟ್ರಾನ್ಸ್‌ಮಿಟರ್, ಇಂಧನದವರಿಗೆ ಟ್ಯಾಂಕು ಮತ್ತು ಥ್ರಸ್ಟರ್, ಅಂದರೆ ಉಪಗ್ರಹವನ್ನು ತಳ್ಳುವ ಪುಟ್ಟ ಎಂಜಿನ್. ಸಿಸ್ಟಮ್ಸ್ ಎಂಜಿನಿಯರ್‌ಗೆ ಮಾತ್ರ ಯಾವ ಪೆಟ್ಟಿಗೆಯೂ ಇಲ್ಲ. ಪೆಟ್ಟಿಗೆಗಳ ನಡುವಿನ ಜಾಗವೇ ನಮ್ಮದು. ಒಂದರ ಕನೆಕ್ಟರ್ ಇನ್ನೊಂದಕ್ಕೆ ಕೂರುತ್ತದಾ, ಒಂದು ಬಿಸಿಯಾದರೆ ಪಕ್ಕದ್ದು ತಡೆದುಕೊಳ್ಳುತ್ತದಾ, ಎಲ್ಲ ಸೇರಿ ತೂಕ ಎಷ್ಟಾಯಿತು, ಕರೆಂಟು ಸಾಲುತ್ತದಾ, ಇದನ್ನೆಲ್ಲ ನೋಡುವುದು ನಮ್ಮ ಕೆಲಸ.

ನಾನು ಹಾಸನದವಳು. ಸಾಲಗಾಮೆ ರಸ್ತೆಯಲ್ಲಿ ಓಡಾಡಿದ ಯಾರಿಗಾದರೂ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ, ಅಂದರೆ ಎಂಸಿಎಫ್‌ ಗೊತ್ತು. ಇಸ್ರೊದ ಭೂಸ್ಥಿರ ಉಪಗ್ರಹಗಳನ್ನು ಅಲ್ಲಿಂದ ನೋಡಿಕೊಳ್ಳುತ್ತಾರೆ. ಆದರೂ ನಾನು ಬಾಹ್ಯಾಕಾಶದಲ್ಲೇ ಕೆಲಸ ಮಾಡಬೇಕು ಅಂತ ಹಟ ಹಿಡಿದು ಬಂದವಳಲ್ಲ. ಎಲೆಕ್ಟ್ರಾನಿಕ್ಸ್‌ನಲ್ಲಿ ಬಿಇ ಮುಗಿಸಿ, ಬೆಂಗಳೂರಿನಲ್ಲಿ ಸಣ್ಣ ಉಪಗ್ರಹಗಳನ್ನು ಮಾಡುವ ಖಾಸಗಿ ಕಂಪನಿಯೊಂದಕ್ಕೆ ಸೇರಿದೆ. ಮೊದಲು ಕೊಟ್ಟ ಕೆಲಸ ಹಾರ್ನೆಸ್, ಅಂದರೆ ಉಪಗ್ರಹದೊಳಗಿನ ವೈರಿಂಗ್. ಯಾವ ಪಿನ್‌ನಿಂದ ಯಾವ ಪಿನ್‌ಗೆ ಯಾವ ತಂತಿ ಅಂತ ಸಾಲುಸಾಲಾಗಿ ಬರೆದ ಪಟ್ಟಿ ಅದು, ಮುಗಿಯುವುದೇ ಇಲ್ಲ ಅನ್ನುವಷ್ಟು ಉದ್ದ. ಹೊಸಬರಿಗೆ ಬೇಸರ ಬರುತ್ತದೆ. ನನಗೆ ಇಡೀ ಉಪಗ್ರಹವನ್ನು ಕಲಿಸಿದ್ದು ಆ ಪಟ್ಟಿಯೇ. ತಂತಿ ಎಲ್ಲ ಪೆಟ್ಟಿಗೆಗೂ ಹೋಗುತ್ತದಲ್ಲ, ಹಾಗಾಗಿ ಎಲ್ಲರ ಮೇಜಿನ ಹತ್ತಿರವೂ ಹೋಗಿ ಕೇಳಲೇಬೇಕು.

ಆಮೇಲೆ ಬಜೆಟ್‌ಗಳು ನನ್ನ ಕೈಗೆ ಬಂದವು. ದುಡ್ಡಿನದಲ್ಲ. ತೂಕದ ಬಜೆಟ್, ವಿದ್ಯುತ್ತಿನ ಬಜೆಟ್, ಡೇಟಾ ಬಜೆಟ್. ವಿನ್ಯಾಸ ಶುರುವಾಗುವಾಗ ತೂಕಕ್ಕೆ ಶೇಕಡಾ 20ರ ಆಸುಪಾಸಿನಲ್ಲಿ ಮಾರ್ಜಿನ್ ಇಟ್ಟುಕೊಳ್ಳುವುದು ಈ ಕ್ಷೇತ್ರದ ರೂಢಿ. ಕೆಲಸ ಮುಂದುವರಿದಂತೆ ಅದು ಕರಗುತ್ತಾ ಬರುತ್ತದೆ. ಪ್ರತಿ ತಂಡದವರೂ "ಬರೀ 100 ಗ್ರಾಂ ಮೇಡಂ" ಅಂತ ಬರುತ್ತಾರೆ. ಅದಕ್ಕೆ ಹೂಂ ಅನ್ನಬೇಕಾ ಉಹೂಂ ಅನ್ನಬೇಕಾ ಅಂತ ಹೇಳಲು ಇಡೀ ಉಪಗ್ರಹ ತಲೆಯಲ್ಲಿ ಇರಬೇಕು.

ನನಗೆ ತುಂಬ ಇಷ್ಟವಾದದ್ದು ಪೊಲಾರಿಟಿ ಪರೀಕ್ಷೆ. ಉಪಗ್ರಹ ಎಡಕ್ಕೆ ತಿರುಗಿದೆ ಅಂತ ತಿರುಗುವುದನ್ನು ಅಳೆಯುವ ಗೈರೊ ಹೇಳಿದಾಗ, ಅದನ್ನು ಸರಿಪಡಿಸುವ ಚಕ್ರ, ಅಂದರೆ ರಿಯಾಕ್ಷನ್ ವೀಲ್, ಸರಿಯಾದ ದಿಕ್ಕಿಗೇ ಸುತ್ತುತ್ತದಾ? ಗೈರೊ ತಂಡದ ಕಾಗದ ಸರಿ ಇರುತ್ತದೆ. ವೀಲ್ ತಂಡದ ಕಾಗದವೂ ಸರಿ ಇರುತ್ತದೆ. ಆದರೆ ಎರಡರಲ್ಲಿ ಒಂದನ್ನು ತಲೆಕೆಳಗಾಗಿ ಕೂರಿಸಿದ್ದರೆ ಪ್ಲಸ್ ಹೋಗಿ ಮೈನಸ್ ಆಗುತ್ತದೆ. ಆಗ ಉಪಗ್ರಹ ನಿಲ್ಲುವ ಬದಲು ಇನ್ನೂ ಜೋರಾಗಿ ತಿರುಗುತ್ತದೆ. ಇದನ್ನು ಕಾಗದದಲ್ಲಿ ನೋಡಿ ಸಹಿ ಹಾಕುವಂತಿಲ್ಲ. ಧೂಳು ಬಾರದಂತೆ ಕಾಪಾಡುವ ಕ್ಲೀನ್ ರೂಮಿನಲ್ಲಿ ಉಪಗ್ರಹವನ್ನು ನಿಜವಾಗಿಯೂ ತಿರುಗಿಸಿ, ಏನಾಗುತ್ತದೆ ಅಂತ ಕಣ್ಣಾರೆ ನೋಡಬೇಕು. ಡ್ರಾಯಿಂಗ್‌ನಲ್ಲಿ ಇರುವ ಉಪಗ್ರಹ ಬೇರೆ, ಕಟ್ಟಿ ನಿಲ್ಲಿಸಿದ ಉಪಗ್ರಹ ಬೇರೆ. ಈ ಕೆಲಸದಲ್ಲಿ ನಾನು ಕಲಿತ ದೊಡ್ಡ ಪಾಠ ಇದು. ಮುಂದೆ ಸಂಶೋಧನೆಗೆ ಹೋದಾಗ ಇದೇ ನನ್ನ ವಿಷಯವಾಯಿತು.

ಕಂಪನ ಪರೀಕ್ಷೆ, ನಿರ್ವಾತ ಕೋಣೆಯಲ್ಲಿ ಬಿಸಿ ಮಾಡಿ ತಣ್ಣಗೆ ಮಾಡುವ ಪರೀಕ್ಷೆ, ರಿವ್ಯೂ ಮೇಲೆ ರಿವ್ಯೂ, ಇವೆಲ್ಲ ಎಲ್ಲ ಉಪಗ್ರಹಕ್ಕೂ ಇರುವಂಥವೇ. ರಾತ್ರಿ ಪಾಳಿ ಇರುತ್ತದೆ, ನಿದ್ದೆ ಕೆಡುತ್ತದೆ.

ನನ್ನ ದಾರಿ ತಿರುಗಿದ್ದು ಒಂದು ವಾಲ್ವ್ ಮುಂದೆ. ಇಂಧನ ತುಂಬಿದ ಮೇಲೆ ಆ ವಾಲ್ವ್ ಮುಚ್ಚುತ್ತಾರೆ, ಮೇಲೆ ಕ್ಯಾಪ್ ಹಾಕಿ ಬಿಗಿಯುತ್ತಾರೆ. ರಾಕೆಟ್ಟಿನ ಅದುರಾಟಕ್ಕೆ ಸಡಿಲವಾಗಬಾರದು ಅಂತ ಲಾಕ್ ವೈರ್ ಸುತ್ತುತ್ತಾರೆ. ಅದರ ಮೇಲೆ ಬಂಗಾರದ ಬಣ್ಣದ ಶಾಖ ತಡೆಯುವ ಹೊದಿಕೆ. ಆ ಹೊದಿಕೆ ಮುಚ್ಚುತ್ತಿದ್ದ ಹಿರಿಯ ಟೆಕ್ನಿಷಿಯನ್ ಒಬ್ಬರು, "ಇನ್ನು ಇದನ್ನ ಯಾರೂ ತೆಗೆಯಲ್ಲ ಬಿಡಮ್ಮ" ಅಂದರು.

"ಅಣ್ಣಾ, ತೆಗೆಯಲೇಬೇಕು ಅಂತ ಬಂದ್ರೆ?"

"ಮೇಲಕ್ಕೆ ಹೋಗಿ ಯಾರಮ್ಮ ತೆಗೀತಾರೆ?"

ಅವರು ಸುಮ್ನೆ ಹೇಳಿದ ಮಾತು. ನನಗೆ ಮಾತ್ರ ಅದು ಬಿಡಲಿಲ್ಲ. ಭೂಮಿಯಿಂದ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿರುವ ಸಂಪರ್ಕ ಉಪಗ್ರಹಗಳ ವಿಷಯ ತೆಗೆದುಕೊಳ್ಳಿ. ಅವುಗಳ ಆಯಸ್ಸು ಹೆಚ್ಚುಕಡಿಮೆ 15 ವರ್ಷ. ಎಷ್ಟೋ ಸಲ ಕೊನೆಗೆ ಖಾಲಿಯಾಗುವುದು ಇಂಧನ ಮಾತ್ರ. ಸೋಲಾರ್ ಫಲಕ ಚೆನ್ನಾಗಿರುತ್ತದೆ, ರೇಡಿಯೊ ಚೆನ್ನಾಗಿರುತ್ತದೆ, ಆದರೂ ಜಾಗದಲ್ಲಿ ನಿಲ್ಲಲಾಗದೆ ನಿವೃತ್ತಿಯಾಗುತ್ತದೆ. ಹಾಸನದ ಕೇಂದ್ರ ಶುರುವಾದದ್ದೇ 1982ರಲ್ಲಿ, ಇನ್‌ಸ್ಯಾಟ್ ಸರಣಿಗಾಗಿ. ಆ ಸರಣಿಯ ಮೊದಲನೆಯದು ಇನ್‌ಸ್ಯಾಟ್-1ಎ, ಅದೇ ವರ್ಷದ ಏಪ್ರಿಲ್‌ನಲ್ಲಿ ಹಾರಿತು. ಶುರುವಿನಿಂದಲೂ ತೊಂದರೆ. ಸೆಪ್ಟೆಂಬರ್ ಹೊತ್ತಿಗೆ ದಿಕ್ಕು ಹಿಡಿದು ನಿಲ್ಲಿಸುವ ಇಂಧನವೇ ಮುಗಿದು ಅದನ್ನು ಕೈಬಿಡಬೇಕಾಯಿತು. ಒಂದು ಕ್ಯಾನಿನಷ್ಟು ಇಂಧನ ತಲುಪಿಸುವ ದಾರಿ ಆಗ ಯಾರಿಗೂ ಇರಲಿಲ್ಲ.

ದಾರಿ ಇದೆ ಅಂತ ನನಗೆ ಕಂಡದ್ದು 2020ರ ಫೆಬ್ರುವರಿ 25ರಂದು. ನಾರ್ತ್‌ರಾಪ್ ಗ್ರಮ್ಮನ್ ಕಂಪನಿಯ ಎಂಇವಿ-1 ಅನ್ನುವ ನೌಕೆ ಇಂಟೆಲ್‌ಸ್ಯಾಟ್ 901 ಉಪಗ್ರಹವನ್ನು ಹಿಡಿಯಿತು. ಆ ಉಪಗ್ರಹ 2001ರಲ್ಲಿ ಹಾರಿದ್ದು. ಇನ್ನೊಂದು ನೌಕೆ ಬಂದು ಹಿಡಿಯುತ್ತದೆ ಅಂತ ಕಟ್ಟಿದವರು ಯೋಚಿಸಿರಲಿಲ್ಲ. ಹಿಡಿಯಲು ಹಿಡಿಕೆ ಇಲ್ಲ, ಗುರುತು ಇಲ್ಲ. ಎಂಇವಿ ಏನು ಮಾಡಿತು ಅಂದರೆ, ಹಿಂಬದಿಯ ದೊಡ್ಡ ಎಂಜಿನ್‌ನ ನಾಝಲ್‌ ಒಳಗೆ ಒಂದು ಕೋಲು ತೂರಿಸಿ, ಕಿರಿದಾದ ಕುತ್ತಿಗೆ ದಾಟಿದ ಮೇಲೆ ಅದರ ತುದಿಯನ್ನು ಅಗಲಿಸಿ, ಹಿಂದಕ್ಕೆ ಎಳೆದುಕೊಂಡು ಬಿಗಿಯಾಗಿ ಕೂತಿತು. ಇಂಧನ ತುಂಬಲಿಲ್ಲ, ತಾನೇ ಎಂಜಿನ್ ಆಗಿ ನಿಂತಿತು. ಉಪಗ್ರಹಕ್ಕೆ 5 ವರ್ಷ ಆಯಸ್ಸು ಹೆಚ್ಚಾಯಿತು. ಆ ನಾಝಲ್ ಇರುವುದು ಹೊಗೆ ಕಾರಲು. ಅದನ್ನು ಹಿಡಿಕೆಯಾಗಿ ನೋಡಿದವರ ಬಗ್ಗೆ ನನಗೆ ಈಗಲೂ ಗೌರವ.

ಕೆಲಸದಲ್ಲಿ ಇದ್ದುಕೊಂಡೇ ಪಿಎಚ್‌ಡಿಗೆ ಸೇರಿದೆ. ವಿಷಯ, ಸಹಕರಿಸದ ಉಪಗ್ರಹದ ಹತ್ತಿರ ಹೋಗಿ ಹಿಡಿಯುವುದು. ಸಹಕರಿಸದ ಅಂದರೆ ತನ್ನ ಜಾಗ ಹೇಳದ, ದಿಕ್ಕು ಹಿಡಿದು ನಿಲ್ಲದ, ಮೈಮೇಲೆ ಯಾವ ಗುರುತೂ ಇಲ್ಲದ ಉಪಗ್ರಹ. ನಾನು ರೋಬಾಟಿಕ್ ಕೈ ಬಗ್ಗೆ ಓದಿಕೊಂಡು ಹೋಗಿದ್ದೆ. ಗೈಡ್ ಹೇಳಿದ್ದು ಬೇರೆ. "ಕೈ ಆಮೇಲೆ ನೋಡೋಣ. ಮೊದಲು ಹತ್ತಿರ ಹೋಗೋದು ಹೇಗೆ ಅಂತ ಲೆಕ್ಕ ಮಾಡಿ ತನ್ನಿ."

ಆ ಲೆಕ್ಕ ಎಲ್ಲರನ್ನೂ ಚಕಿತಗೊಳಿಸುವಂಥದ್ದು. ಕಕ್ಷೆಯಲ್ಲಿ ಮುಂದಿರುವ ಉಪಗ್ರಹದ ಕಡೆಗೆ ನೇರ ಹೋಗುತ್ತೇನೆ ಅಂತ ಮುಂದಕ್ಕೆ ತಳ್ಳಿಕೊಂಡರೆ ಕೊನೆಗೆ ಹಿಂದೆ ಬೀಳುತ್ತೀರಿ. ವೇಗ ಹೆಚ್ಚಿದ ಕೂಡಲೇ ನಿಮ್ಮ ಕಕ್ಷೆ ಮೇಲಕ್ಕೆ ಏರುತ್ತದೆ, ಮೇಲಿನ ಕಕ್ಷೆಯಲ್ಲಿ ಒಂದು ಸುತ್ತಿಗೆ ಜಾಸ್ತಿ ಹೊತ್ತು ಬೇಕು. 1965ರಲ್ಲಿ ಜೆಮಿನಿ-4 ನೌಕೆಯ ಜೇಮ್ಸ್ ಮೆಕ್‌ಡಿವಿಟ್ ತಮ್ಮದೇ ರಾಕೆಟ್ಟಿನ ಖಾಲಿ ಹಂತದ ಹತ್ತಿರ ಹೋಗಲು ನೋಡಿದರು. ಅದರ ಕಡೆ ಮುಖ ಮಾಡಿ ತಳ್ಳಿದಷ್ಟೂ ಅದು ದೂರವಾಯಿತು. ಇಂಧನ ಸುಮ್ನೆ ಖರ್ಚಾಗುತ್ತಿದೆ ಅಂತ ಬಿಟ್ಟರು. ನಾನು 475 ಕಿಲೋಮೀಟರ್ ಎತ್ತರಕ್ಕೆ ಲೆಕ್ಕ ಹಾಕಿದೆ. ಅಲ್ಲಿ ಒಂದು ಸುತ್ತಿಗೆ ಸುಮಾರು 94 ನಿಮಿಷ. ಸೆಕೆಂಡಿಗೆ 10 ಸೆಂಟಿಮೀಟರ್‌ನಷ್ಟು ಮುಂದಕ್ಕೆ ತಳ್ಳಿಕೊಂಡರೆ, ಮಧ್ಯದಲ್ಲಿ 360 ಮೀಟರ್‌ನಷ್ಟು ಮೇಲೇರಿ, ಒಂದು ಸುತ್ತು ಮುಗಿಯುವಾಗ 1.7 ಕಿಲೋಮೀಟರ್ ಹಿಂದೆ ಇರುತ್ತೀರಿ. ಸೆಕೆಂಡಿಗೆ 1 ಮಿಲಿಮೀಟರ್ ವ್ಯತ್ಯಾಸ ಆದರೂ ಸುತ್ತಿಗೆ 17 ಮೀಟರ್ ಸರಿಯುತ್ತೀರಿ. ಎರಡೂ ಸೆಕೆಂಡಿಗೆ 7.6 ಕಿಲೋಮೀಟರ್ ವೇಗದಲ್ಲಿ ಓಡುತ್ತಿರುವಾಗ ಮಿಲಿಮೀಟರ್ ಲೆಕ್ಕ ಹಿಡಿಯಬೇಕು!

ಇದಕ್ಕಿಂತ ಮುಖ್ಯವಾದ ಇನ್ನೊಂದು ಪಾಠ ಅದೇ ಲೆಕ್ಕದಲ್ಲಿತ್ತು. ಹತ್ತಿರ ಹೋಗುವ ದಾರಿಯನ್ನು ಹೇಗೆ ಹಾಕಬೇಕು ಅಂದರೆ, ನಡುವೆ ಎಲ್ಲಾದರೂ ಥ್ರಸ್ಟರ್ ಕೈಕೊಟ್ಟರೂ ನಮ್ಮ ನೌಕೆ ತಾನಾಗಿಯೇ ಪಕ್ಕಕ್ಕೆ ಹಾದು ಹೋಗಬೇಕು, ಡಿಕ್ಕಿ ಆಗಬಾರದು. 2005ರಲ್ಲಿ ನಾಸಾದ ಡಾರ್ಟ್ ನೌಕೆ ತಾನು ಎಲ್ಲಿದ್ದೇನೆ ಅನ್ನುವ ಲೆಕ್ಕ ಕೆಟ್ಟು ಗುರಿಯ ಉಪಗ್ರಹಕ್ಕೇ ಹೋಗಿ ತಾಗಿತು. ಆ ಉಪಗ್ರಹ ಉಳಿಯಿತು. ಆದರೆ ಈ ಕ್ಷೇತ್ರದಲ್ಲಿ ಇರುವ ಯಾರೂ ಆ ಘಟನೆ ಮರೆತಿಲ್ಲ. ಒಂದು ಡಿಕ್ಕಿ ಆದರೆ ಸಾವಿರಾರು ಚೂರು, ಅವು ವರ್ಷಗಟ್ಟಲೆ ಸುತ್ತುತ್ತವೆ. ರಿಪೇರಿಗೆ ಹೋದವರು ಕಸ ಮಾಡಿ ಬರಬಾರದು ಅಲ್ವಾ?

ಲೆಕ್ಕ ಮುಗಿದ ಮೇಲೆ ಲ್ಯಾಬ್. ನನ್ನ ಹೆಚ್ಚಿನ ಕಾಲ ಕಳೆದದ್ದು ಅಲ್ಲೇ. ಕನ್ನಡಿಯಷ್ಟು ಸಮನಾದ ಗ್ರಾನೈಟ್ ಮೇಜು, ಅದರ ಮೇಲೆ ಗಾಳಿಯ ತೆಳು ಪದರದಲ್ಲಿ ತೇಲುವ ಎರಡು ಮಾದರಿ ಉಪಗ್ರಹಗಳು. ಬೆರಳಿನಿಂದ ಮುಟ್ಟಿದರೆ ಸಾಕು, ಜಾರುತ್ತಾ ಹೋಗುತ್ತವೆ. ತುಂಗಭದ್ರೆಯಲ್ಲಿ ಒಂದು ತೆಪ್ಪದಲ್ಲಿ ಕೂತು ಪಕ್ಕದ ತೆಪ್ಪ ಹಿಡಿಯಲು ಕೈ ಚಾಚಿದವರಿಗೆ ಇದು ಗೊತ್ತು. ಮುಟ್ಟಿದ ಕ್ಷಣಕ್ಕೆ ಎರಡೂ ದೂರ ಸರಿಯುತ್ತವೆ. ಕಾಲೂರಲು ನೆಲ ಇಲ್ಲ. ರೋಬಾಟಿಕ್ ಕೈ ಮುಂದಕ್ಕೆ ಚಾಚಿದರೆ ನೌಕೆಯ ಮೈ ಹಿಂದಕ್ಕೆ ಹೋಗುತ್ತದೆ. ಹಾಗಾಗಿ ಹಿಡಿತ ಬಿಗಿಯಾಗುವ ಮೊದಲು ತಾಗಲೇಬಾರದು, ತಾಗಿದರೆ ಬಿಡಬಾರದು. ಬ್ರೇಕ್ ಹಾಕಲು ಎದುರಿನ ಥ್ರಸ್ಟರ್ ಉರಿಸಿದರೂ ಕಷ್ಟ, ಅದರ ಹೊಗೆ ಹೋಗಿ ಗುರಿಯ ಉಪಗ್ರಹವನ್ನೇ ತಳ್ಳುತ್ತದೆ.

ಬೆಳಕು ಇನ್ನೊಂದು ದೊಡ್ಡ ತಲೆನೋವು. ಲ್ಯಾಬ್‌ನ ಗೋಡೆಗೆಲ್ಲ ಕಪ್ಪು ಬಟ್ಟೆ ಹಾಕಿ, ಸೂರ್ಯನ ಬದಲು ಒಂದೇ ಪ್ರಖರ ದೀಪ ಇಟ್ಟು ಕೆಲಸ ಮಾಡುತ್ತೇವೆ. ಮೇಲೆ ಗಾಳಿ ಇಲ್ಲ, ಹಾಗಾಗಿ ನೆರಳು ಅಂದರೆ ಕಡುಗಪ್ಪು, ಬಿಸಿಲು ಅಂದರೆ ಕಣ್ಣು ಕುಕ್ಕುವಷ್ಟು. ಆ ಬಂಗಾರದ ಹೊದಿಕೆ ಸುಕ್ಕುಸುಕ್ಕಾಗಿರುತ್ತದೆ. ಒಂದೊಂದು ಸುಕ್ಕೂ ಒಂದೊಂದು ಕಡೆ ಹೊಳೆಯುತ್ತದೆ. ಉಪಗ್ರಹ ಸ್ವಲ್ಪ ತಿರುಗಿದರೆ ಹೊಳಪೆಲ್ಲ ಜಾಗ ಬದಲಿಸುತ್ತದೆ. ಕ್ಯಾಮೆರಾಗೆ ಅದು ಬೇರೆಯೇ ವಸ್ತುವಿನಂತೆ ಕಾಣುತ್ತದೆ. 94 ನಿಮಿಷದ ಸುತ್ತಿನಲ್ಲಿ ಸುಮಾರು 35 ನಿಮಿಷ ಭೂಮಿಯ ನೆರಳು, ಆಗ ಕ್ಯಾಮೆರಾಗೆ ಏನೂ ಕಾಣುವುದಿಲ್ಲ. ಕಂಪ್ಯೂಟರ್‌ನಲ್ಲಿ ಬಿಡಿಸಿದ ಚಿತ್ರಗಳನ್ನು ಕೊಟ್ಟು ಕಲಿಸಿದ ಎಐ ಪ್ರೋಗ್ರಾಂ ಅದೇ ಬಗೆಯ ಚಿತ್ರಗಳಲ್ಲಿ ಉಪಗ್ರಹದ ದಿಕ್ಕನ್ನು ಚೆನ್ನಾಗಿ ಹೇಳುತ್ತದೆ. ಲ್ಯಾಬ್‌ನ ದೀಪದ ಕೆಳಗೆ ಅದೇ ಪ್ರೋಗ್ರಾಂ ತಡವರಿಸುತ್ತದೆ. ನಮ್ಮ ಲ್ಯಾಬ್‌ನಲ್ಲಷ್ಟೇ ಅಲ್ಲ, ಈ ವಿಷಯದಲ್ಲಿ ಕೆಲಸ ಮಾಡುವ ಎಲ್ಲ ಕಡೆಯೂ ಇದೇ ಕತೆ. ಬಿಡಿಸಿದ ಹೊದಿಕೆಗೆ ಸುಕ್ಕು ಇರುವುದಿಲ್ಲ. ಮತ್ತೆ ಅದೇ ಮಾತು ನೋಡಿ, ಡ್ರಾಯಿಂಗ್‌ನದು ಬೇರೆ, ಕಟ್ಟಿದ್ದು ಬೇರೆ.

ಈ ಮಾತಿಗೆ ನನಗೆ ಸಿಕ್ಕ ಅತಿ ಒಳ್ಳೆಯ ಉದಾಹರಣೆ 1984ರದು. ನಾಸಾದ ಸೋಲಾರ್ ಮ್ಯಾಕ್ಸ್ ಅನ್ನುವ ಉಪಗ್ರಹ 1980ರಲ್ಲಿ ಹಾರಿ, ಅದೇ ವರ್ಷ ದಿಕ್ಕು ಹಿಡಿಯುವ ವ್ಯವಸ್ಥೆಯ ಫ್ಯೂಸ್ ಹೋಗಿ ಕುಂಟುತ್ತಿತ್ತು. ಅದನ್ನು ಮೊದಲೇ ರಿಪೇರಿಗೆ ಅನುಕೂಲವಾಗುವಂತೆ ಕಟ್ಟಿದ್ದರು. ಏಪ್ರಿಲ್‌ನಲ್ಲಿ ಚಾಲೆಂಜರ್ ಶಟಲ್ ಹೋಯಿತು. ಗಗನಯಾತ್ರಿ ಜಾರ್ಜ್ ನೆಲ್ಸನ್ ಬೆನ್ನಿಗೆ ಥ್ರಸ್ಟರ್ ಕಟ್ಟಿಕೊಂಡು, ಎದೆಯ ಮುಂದೆ ಹಿಡಿಯುವ ಸಾಧನ ಇಟ್ಟುಕೊಂಡು ಹತ್ತಿರ ಹೋದರು. ಉಪಗ್ರಹದಿಂದ ಹೊರಗೆ ಚಾಚಿದ ಒಂದು ಪಿನ್‌ಗೆ ಆ ಸಾಧನ ಕಚ್ಚಿಕೊಳ್ಳಬೇಕು. ಕಚ್ಚಲಿಲ್ಲ. ಮತ್ತೆ ಹೋದರು, ಆಗಲೂ ಇಲ್ಲ. ಕೊನೆಗೆ ಸೋಲಾರ್ ಫಲಕವನ್ನೇ ಕೈಯಲ್ಲಿ ಹಿಡಿದು ನಿಲ್ಲಿಸಲು ನೋಡಿದಾಗ ಉಪಗ್ರಹ ಇನ್ನೂ ಕೆಟ್ಟದಾಗಿ ಉರುಳಲು ಶುರುವಾಯಿತು. ಕಾರಣ ಏನು ಅಂದರೆ, ಪಿನ್ ಪಕ್ಕದಲ್ಲಿ ಶಾಖದ ಹೊದಿಕೆಯನ್ನು ಹಿಡಿದಿಟ್ಟ ಒಂದು ಸಣ್ಣ ಗ್ರೊಮೆಟ್ ಇತ್ತು. ಸಾಧನ ಮಾಡಿದವರ ಕೈಯಲ್ಲಿದ್ದ ಡ್ರಾಯಿಂಗ್‌ನಲ್ಲಿ ಅದು ಇರಲಿಲ್ಲ. ಸಾಧನ ಅದಕ್ಕೆ ತಾಗಿ ಪೂರ್ತಿ ಒಳಗೆ ಹೋಗಲಿಲ್ಲ. ಭೂಮಿಯಲ್ಲಿದ್ದವರು ಹೇಗೋ ಉಪಗ್ರಹವನ್ನು ನಿಧಾನ ಮಾಡಿದರು, ಆಮೇಲೆ ಶಟಲ್‌ನ ರೋಬಾಟಿಕ್ ಕೈ ಅದನ್ನು ಹಿಡಿಯಿತು. ರಿಪೇರಿಯಾದ ಸೋಲಾರ್ ಮ್ಯಾಕ್ಸ್ 1989ರವರೆಗೆ ಕೆಲಸ ಮಾಡಿತು.

ಆ ಗ್ರೊಮೆಟ್ ಹಾಕಿದವರದ್ದು ತಪ್ಪಲ್ಲ. ಹೊದಿಕೆ ಅಲ್ಲಿ ಹಿಡಿದು ನಿಲ್ಲಬೇಕಿತ್ತು, ಹಾಕಿದರು. ಅದನ್ನು ಬರೆದಿಡುವುದು, ಇನ್ನೊಂದು ತಂಡಕ್ಕೆ ತಲುಪಿಸುವುದು ಯಾರ ಕೆಲಸ? ಪೆಟ್ಟಿಗೆಗಳ ನಡುವಿನ ಜಾಗ ನೋಡುವವರ ಕೆಲಸ, ಅಂದರೆ ನನ್ನಂಥವರದ್ದು. ಇದನ್ನು ಓದಿದ ದಿನ ನನ್ನ ಎರಡು ಕೆಲಸಗಳು ಒಂದೇ ಅನ್ನಿಸಿತು. ಕಕ್ಷೆಯಲ್ಲಿ ರಿಪೇರಿ ಅನ್ನುವುದು ಕೈ ಚಾಚಿದಾಗ ಶುರುವಾಗುವುದಿಲ್ಲ. ಎಷ್ಟೋ ವರ್ಷ ಮೊದಲು ಕ್ಲೀನ್ ರೂಮಿನಲ್ಲಿ ಯಾರೋ ಹೊದಿಕೆ ಎಲ್ಲಿ ಸಿಕ್ಕಿಸಿದರು ಅನ್ನುವಲ್ಲಿ ಶುರುವಾಗುತ್ತದೆ.

2024ರ ಡಿಸೆಂಬರ್ 30ರಂದು ಪಿಎಸ್‌ಎಲ್‌ವಿ-ಸಿ60 ರಾಕೆಟ್ಟಿನಲ್ಲಿ ಇಸ್ರೊದ ಸ್ಪೇಡೆಕ್ಸ್ ಹಾರಿತು, ಎರಡು ಉಪಗ್ರಹಗಳನ್ನು ಕಕ್ಷೆಯಲ್ಲೇ ಜೋಡಿಸಿ ನೋಡುವ ಪ್ರಯೋಗ ಅದು. ತಲಾ ಸುಮಾರು 220 ಕಿಲೋ ತೂಕದ ಎರಡು ಉಪಗ್ರಹಗಳು, 475 ಕಿಲೋಮೀಟರ್ ಎತ್ತರ. ನಾನು ಇಸ್ರೊದವಳಲ್ಲ, ಎಲ್ಲರಂತೆ ಹೊರಗಿನಿಂದಲೇ ನೋಡಿದೆ. ಜನವರಿ 7ಕ್ಕೆ ಅಂದಿದ್ದ ಜೋಡಣೆ 9ಕ್ಕೆ ಹೋಯಿತು, ಆಮೇಲೆ ಅದೂ ಮುಂದೆ ಹೋಯಿತು. ಉಪಗ್ರಹಗಳು ಅಂದುಕೊಂಡದ್ದಕ್ಕಿಂತ ಜಾಸ್ತಿ ದೂರ ಸರಿದಿದ್ದವು. ಮನೆಯಲ್ಲಿ ಅಪ್ಪ, "ಏನಮ್ಮ, ನಿಮ್ಮೋರಿಗೆ ಆಗ್ತಿಲ್ವಾ?" ಅಂತ ಫೋನ್ ಮಾಡಿದರು. ನಾನು ಅವರಿಗೆ ಮಿಲಿಮೀಟರ್‌ನ ಲೆಕ್ಕ ಹೇಳಿದೆ. ನಿಲ್ಲಿಸುವುದು, ದೂರ ಸರಿಸುವುದು, ಮತ್ತೆ ನೋಡುವುದು, ಇದೇ ಸರಿಯಾದ ಕೆಲಸ ಅಂದೆ. 12ರಂದು 15 ಮೀಟರ್, ಆಮೇಲೆ 3 ಮೀಟರ್‌ವರೆಗೆ ಹೋಗಿ ವಾಪಸ್ ಬಂದವು. 16ರಂದು ಸೇರಿದವು. ಅಮೆರಿಕ, ರಷ್ಯಾ, ಚೀನಾ ಬಿಟ್ಟರೆ ನಾಲ್ಕನೆಯ ದೇಶ ನಮ್ಮದು. ಮಾರ್ಚ್ 13ಕ್ಕೆ ಬಿಡಿಸಿ, ಏಪ್ರಿಲ್‌ನಲ್ಲಿ ಮತ್ತೆ ಸೇರಿಸಿದರು, ಒಂದರಿಂದ ಇನ್ನೊಂದಕ್ಕೆ ವಿದ್ಯುತ್ ಕಳಿಸಿದರು. ಜನ ಸೇರಿದ ದಿನವನ್ನು ನೆನಪಿಟ್ಟುಕೊಂಡಿದ್ದಾರೆ. ನನಗೆ 3 ಮೀಟರ್‌ಗೆ ಹೋಗಿ ಹಿಂದೆ ಬಂದ ದಿನವೇ ದೊಡ್ಡದು. ಅಷ್ಟು ಹತ್ತಿರ ಹೋಗಿ, ಬೇಡ ಅಂತ ಹಿಂದೆ ಸರಿಯಲು ಎಲ್ಲ ವ್ಯವಸ್ಥೆಯೂ ಒಟ್ಟಿಗೆ ಸರಿಯಾಗಿ ಕೆಲಸ ಮಾಡಬೇಕು.

ಆದರೆ ಸ್ಪೇಡೆಕ್ಸ್‌ನ ಎರಡು ಉಪಗ್ರಹಗಳೂ ಸೇರಲೆಂದೇ ಕಟ್ಟಿದವು. ಎರಡೂ ಒಂದಕ್ಕೊಂದು ಮಾತಾಡುತ್ತಿದ್ದವು. ನನ್ನ ಪಾಲಿಗೆ ಉಳಿದಿರುವುದು ಮಾತಾಡದವು. 2024ರಲ್ಲಿ ಜಪಾನಿನ ಆಸ್ಟ್ರೊಸ್ಕೇಲ್ ಕಂಪನಿಯ ನೌಕೆ ಹಳೆಯ ಎಚ್-2ಎ ರಾಕೆಟ್ಟಿನ ಹಂತವೊಂದರ ಹತ್ತಿರ, 15 ಮೀಟರ್‌ವರೆಗೆ ಹೋಗಿ ಬಂದಿದೆ. ಸುಮಾರು 11 ಮೀಟರ್ ಉದ್ದದ, 3 ಟನ್ ತೂಕದ ಸತ್ತ ವಸ್ತು ಅದು. ಅದರ ಫೋಟೊಗಳನ್ನು ನಾವು ಲ್ಯಾಬ್‌ನಲ್ಲಿ ಗಂಟೆಗಟ್ಟಲೆ ನೋಡಿದೆವು.

ಈ ಕೆಲಸಕ್ಕೆ ಏನು ಓದಬೇಕು ಅಂತ ಹುಡುಗರು, ಹುಡುಗಿಯರು ಕೇಳುತ್ತಾರೆ. ಏರೋಸ್ಪೇಸ್ ಡಿಗ್ರಿಯೇ ಬೇಕು ಅಂತಿಲ್ಲ. ಎಲೆಕ್ಟ್ರಾನಿಕ್ಸ್, ಮೆಕ್ಯಾನಿಕಲ್, ಕಂಪ್ಯೂಟರ್ ಸೈನ್ಸ್, ಯಾವುದರಿಂದಲೂ ಬರಬಹುದು. ಲೀನಿಯರ್ ಆಲ್ಜೀಬ್ರಾ ಗಟ್ಟಿ ಇರಲಿ, ಪೈಥಾನ್ ಅಥವಾ ಸಿ ಬರೆಯಲು ಬರಲಿ. ಅದಕ್ಕಿಂತ ಮೊದಲು ಯಾವುದಾದರೂ ಒಂದು ವಸ್ತುವನ್ನು ಪೂರ್ತಿ ಕಟ್ಟಿ, ಪರೀಕ್ಷೆ ಮಾಡಿ, ಏನು ಕಟ್ಟಿದಿರಿ ಅಂತ ಬರೆದಿಡಿ. ಕಾಲೇಜಿನ ಸಣ್ಣ ಉಪಗ್ರಹವಾದರೂ ಸರಿ, ಡ್ರೋನ್ ಆದರೂ ಸರಿ. ಸಂಶೋಧನೆಗೆ ನೇರ ಹೋಗುವ ಬದಲು ಕೆಲವು ವರ್ಷ ಕ್ಲೀನ್ ರೂಮಿನಲ್ಲಿ ಕೆಲಸ ಮಾಡಿ ಅಂತಲೇ ನಾನು ಹೇಳುವುದು. ಸುಕ್ಕಾದ ಹೊದಿಕೆಯನ್ನು ಕೈಯಾರೆ ಸಿಕ್ಕಿಸಿದವರಿಗೆ ಅದು ಕ್ಯಾಮೆರಾದಲ್ಲಿ ಹೇಗೆ ಕಾಣುತ್ತದೆ ಅಂತ ಬೇಗ ಹೊಳೆಯುತ್ತದೆ.

ಈಗ ನಮ್ಮ ಕಂಪನಿಯಲ್ಲಿ ಹೊಸ ಉಪಗ್ರಹವೊಂದರ ವಿನ್ಯಾಸ ನಡೆಯುತ್ತಿದೆ. 2030ರ ಹೊತ್ತಿಗೆ ಭಾರತದ ಉಡಾವಣೆಗಳಿಂದ ಕಸ ಉಳಿಯಬಾರದು ಅಂತ 2024ರಲ್ಲಿ ಇಸ್ರೊ ಗುರಿ ಹಾಕಿಕೊಂಡಿರುವುದರಿಂದ ಇಂಥ ಮಾತು ಈಗ ರಿವ್ಯೂನಲ್ಲಿ ಎತ್ತಲು ಸುಲಭ. ನಾನು ಕೇಳಿದ್ದು ಮೂರೇ. ರಾಕೆಟ್ಟಿಗೆ ಕೂರುವ ಲೋಹದ ಬಳೆಯ ಒಂದು ಭಾಗಕ್ಕೆ ಹೊದಿಕೆ ಬೇಡ, ಮುಂದೆ ಯಾರಾದರೂ ಹಿಡಿಯಬೇಕಾದರೆ ಅದೇ ಹಿಡಿಕೆ. ಅದರ ಪಕ್ಕದಲ್ಲಿ ಬೆಳಕನ್ನು ಬಂದ ಕಡೆಗೇ ತಿರುಗಿಸುವ ಗುರುತುಗಳು ಇರಲಿ. ಕೊನೆಯ ಹೊದಿಕೆ ಮುಚ್ಚಿದ ಮೇಲೆ ಇಡೀ ಉಪಗ್ರಹದ ಹೊರಮೈಯನ್ನು ಅಳತೆ ಸಮೇತ ಸ್ಕ್ಯಾನ್ ಮಾಡಿ, ಆ ಫೈಲನ್ನು ಉಪಗ್ರಹ ಮೇಲಿರುವಷ್ಟು ಕಾಲ ಕಾಪಾಡಿ.

ಥರ್ಮಲ್ ತಂಡದವರು ಮೊದಲನೆಯದಕ್ಕೆ ಒಪ್ಪಲಿಲ್ಲ. ಬರಿಯ ಲೋಹ ಶಾಖ ಬಿಟ್ಟುಕೊಡುತ್ತದೆ, ಹೀಟರ್ ಜಾಸ್ತಿ ಬೇಕಾಗುತ್ತದೆ, ಅವರ ಮಾತು ನ್ಯಾಯವಾದದ್ದೇ. ನನ್ನ ವಿದ್ಯುತ್ ಬಜೆಟ್‌ನಿಂದ ಆ ಹೀಟರ್‌ಗೆ ಬೇಕಾದದ್ದನ್ನು ಬಿಟ್ಟುಕೊಟ್ಟು, ಬಳೆಯ ಮೂರು ಕಡೆ ಮಾತ್ರ ಬಿಡುವುದು ಅಂತ ರಾಜಿಯಾಯಿತು. ಗುರುತುಗಳಿಗೆ ಯಾರೂ ಬೇಡ ಅನ್ನಲಿಲ್ಲ. ಸ್ಕ್ಯಾನ್ ಮಾಡುವ ಸಾಲು ರಿಕ್ವೈರ್‌ಮೆಂಟ್ ಪಟ್ಟಿಗೆ ಸೇರಿದೆ. ಅದನ್ನು ಹೇಗೆ ಪರೀಕ್ಷಿಸುತ್ತೀರಿ ಅನ್ನುವ ಕಾಲಂ ಇನ್ನೂ ಖಾಲಿ. ಹೊದಿಕೆ ಹೊಳೆಯುವುದರಿಂದ ಸಾಮಾನ್ಯ ಲೇಸರ್ ಸ್ಕ್ಯಾನರ್ ಅದರ ಮೇಲೆ ಸರಿಯಾಗಿ ಅಳೆಯುವುದಿಲ್ಲ, ಪುಡಿ ಸಿಂಪಡಿಸಿ ಮಂಕು ಮಾಡೋಣ ಅಂದರೆ ಕ್ಲೀನ್ ರೂಮಿನಲ್ಲಿ ಪುಡಿ ತರುವಂತಿಲ್ಲ. ಬೇರೆ ಬೇರೆ ಕೋನದಿಂದ ತೆಗೆದ ಫೋಟೊಗಳಿಂದಲೇ ಅಳತೆ ತೆಗೆಯಲು ಆಗುತ್ತದಾ ಅಂತ ಈಗ ಹಳೆಯ ಮಾದರಿಯೊಂದರ ಮೇಲೆ ನೋಡುತ್ತಿದ್ದೇವೆ. ಮುಂದಿನ ರಿವ್ಯೂ ಒಳಗೆ ಆ ಕಾಲಂ ತುಂಬಬೇಕು.